ಸಾವಿನ ಭಯವನ್ನು ಗೆದ್ದ ಹುಡುಗ

 

ಈ ಸಲ ನಮ್ಮ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಚರಿತ್ರೆ ಬರೆಯುವ ಸರದಿ ನನಗೆ ಬಂದಿದೆ. ಹೋದ ಸಲ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬಂದಿತ್ತು. ಅದಕ್ಕೂ ಮುಂಚೆ ಒನಕೆ ಓಬವ್ವನ ಬಗ್ಗೆ ಓದಿದ್ದೀರಿ. ಅವರೆಲ್ಲಾ ಧೈರ್ಯವಂತರು. ನಾನು ಮಾತ್ರ ಹೆದರಿಕೊಂಡ ಒಬ್ಬ ಹುಡುಗನ ಕಥೆ ಬರೆಯುತ್ತೇನೆ ಅಂತ ಕನ್ನಡ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು, ಬರಿ ನೋಡೋಣ ಅಂದರು. ಆ ಹುಡುಗನೇ ಮುಂದೆ ಭಗವಾನ್ ರಮಣ ಮಹರ್ಷಿಗಳಾದರು.

ಮೊದಲು ನನ್ನ ವಿಷಯ ಎರಡು ಮಾತು ಹೇಳಬೇಕು. ಹೋದ ಮಾಘ ಮಾಸದಲ್ಲಿ ನಮ್ಮ ತಾತ ತೀರಿಕೊಂಡರು. ರಾತ್ರಿ ಮುದ್ದೆ ಉಂಡು ನಡುಮನೆಯಲ್ಲಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಕಾಫಿ ಲೋಟ ಹಿಡಿದು ಎಬ್ಬಿಸಲು ಹೋದವನು ನಾನೇ. ಕೈ ಮುಟ್ಟಿದೆ, ತಣ್ಣಗಿತ್ತು. ಆಮೇಲೆ ಮನೆ ತುಂಬಾ ಜನ, ಅಳು. ನನಗೂ ಅಳು ಬಂತು. ಆದರೆ ಯಾರೋ ನೆಂಟರು ನನ್ನ ಭುಜ ಹಿಡಿದು, ಗಂಡು ಹುಡುಗ ಅಳಬಾರದು ಅಂದುಬಿಟ್ಟರು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ತಾತನನ್ನು ಹುಣಸೆ ತೋಪಿನ ಹತ್ತಿರ ಮಣ್ಣು ಮಾಡಿ ಬಂದೆವು.

ಅವತ್ತಿನಿಂದ ನನಗೆ ರಾತ್ರಿ ಬಂದರೆ ಹೆದರಿಕೆ. ದೀಪ ಆರಿಸಿದ ಕೂಡಲೇ ಎದೆ ಡವಡವ ಅನ್ನುತ್ತಿತ್ತು. ನಾನೂ ಹೀಗೇ ಮಲಗಿ ಏಳದೇ ಹೋದರೆ? ಅವ್ವ ಏಳದೇ ಹೋದರೆ? ರಾತ್ರಿ ಎದ್ದು ಅವ್ವ ಉಸಿರಾಡುತ್ತಾಳಾ ಅಂತ ಕಿವಿಗೊಟ್ಟು ಕೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಪುಕ್ಕಲ ಅಂತ ನೀವೆಲ್ಲಾ ರೇಗಿಸುತ್ತೀರಿ ಅಂದುಕೊಂಡೆ. ತರಗತಿಯಲ್ಲಿ ತೂಕಡಿಸಿ ಬೈಸಿಕೊಂಡೆ. ಕನ್ನಡ ಮೇಷ್ಟ್ರು ಒಬ್ಬರು ಮಾತ್ರ ಬೈಯಲಿಲ್ಲ. ಬೀರುವಿನಿಂದ ರಟ್ಟು ಹರಿದ ಒಂದು ಪುಸ್ತಕ ತೆಗೆದುಕೊಟ್ಟು, ಓದಿ ವಾಪಸ್ಸು ತಾ ಅಂದರು. ಬಿಳಿ ಗಡ್ಡ, ಬರೀ ಕೌಪೀನ, ಮುಖದಲ್ಲಿ ಮುಗುಳ್ನಗೆ. ಆ ಫೋಟೋವನ್ನು ನೀವೂ ಎಲ್ಲಾದರೂ ಗೋಡೆಯ ಮೇಲೆ ನೋಡಿರುತ್ತೀರಿ. ಇನ್ನು ಕಥೆಗೆ ಬರುತ್ತೇನೆ. ಅವರು ಹುಡುಗನಾಗಿದ್ದಾಗಿನ ಸಂಗತಿ ಬರೆಯುವಾಗ ಅವನು ಅಂತಲೇ ಬರೆಯುತ್ತೇನೆ. ಅಗೌರವ ಅಂತ ಯಾರೂ ತಿಳಿಯಬಾರದು.

ತಮಿಳುನಾಡಿನ ಮಧುರೆಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ತಿರುಚ್ಚುಳಿ ಅಂತ ಒಂದು ಊರಿದೆ. 1879ನೇ ಇಸವಿ ಡಿಸೆಂಬರ್ 30ರಂದು ಅಲ್ಲಿ ವೆಂಕಟರಾಮನ್ ಹುಟ್ಟಿದ. ತಂದೆ ಸುಂದರಂ ಅಯ್ಯರ್ ಅಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದರು. ತಾಯಿ ಅಳಗಮ್ಮಾಳ್. ಅಣ್ಣ ನಾಗಸ್ವಾಮಿ. ಆಮೇಲೆ ಒಬ್ಬ ತಮ್ಮ, ಒಬ್ಬಳು ತಂಗಿ ಹುಟ್ಟಿದರು.

1892ರ ಫೆಬ್ರವರಿಯಲ್ಲಿ ತಂದೆ ತೀರಿಹೋದರು. ಆಗ ವೆಂಕಟರಾಮನ್‌ಗೆ 12 ವರ್ಷ. ಮನೆ ಎರಡು ಪಾಲಾಯಿತು. ಅಮ್ಮ ಚಿಕ್ಕ ಮಕ್ಕಳನ್ನು ಕರೆದುಕೊಂಡು ಮಾನಾಮಧುರೆಗೆ ಹೋದರು. ಅಣ್ಣ ತಮ್ಮ ಇಬ್ಬರು ಮಧುರೆಯಲ್ಲಿದ್ದ ಚಿಕ್ಕಪ್ಪ ಸುಬ್ಬಯ್ಯರ್ ಮನೆ ಸೇರಿದರು. ಆ ಮನೆ ಮೀನಾಕ್ಷಿ ದೇವಸ್ಥಾನಕ್ಕೆ ತುಂಬಾ ಹತ್ತಿರ.

ವೆಂಕಟರಾಮನ್ ಮೊದಲು ಸ್ಕಾಟ್ ಮಿಡ್ಲ್ ಸ್ಕೂಲಿನಲ್ಲಿ, ಆಮೇಲೆ ಅಮೆರಿಕನ್ ಮಿಷನ್ ಹೈಸ್ಕೂಲಿನಲ್ಲಿ ಓದಿದ. ಓದಿನಲ್ಲಿ ಅಷ್ಟಕ್ಕಷ್ಟೆ. ಒಂದು ಸಲ ಕೇಳಿದ್ದು ನೆನಪಿರುತ್ತಿತ್ತು, ಅದಕ್ಕೇ ಪುಸ್ತಕ ಮುಟ್ಟುತ್ತಿರಲಿಲ್ಲ. ಫುಟ್‌ಬಾಲ್, ಕುಸ್ತಿ, ಈಜು ಅಂದರೆ ಪ್ರಾಣ. ಮೈಯಲ್ಲಿ ಒಳ್ಳೆ ಕಸುವಿತ್ತು. ನಿದ್ದೆಯಂತೂ ಕುಂಭಕರ್ಣನ ನಿದ್ದೆ. ಅವನ ಮೇಲೆ ಸಿಟ್ಟಿದ್ದ ಹುಡುಗರು ಎಚ್ಚರವಿದ್ದಾಗ ಅವನ ತಂಟೆಗೆ ಬರುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿದ್ದಾಗ ಎತ್ತಿಕೊಂಡು ಹೋಗಿ, ಗುದ್ದಿ, ತಿರುಗಿ ತಂದು ಮಲಗಿಸುತ್ತಿದ್ದರಂತೆ. ಬೆಳಗ್ಗೆ ಅವನಿಗೆ ಏನೂ ಗೊತ್ತಿಲ್ಲ! ಇದನ್ನು ಓದಿ ತಾತ ಹೋದಮೇಲೆ ಮೊದಲನೇ ಸಲ ನಾನು ನಕ್ಕೆ.

1895ರಲ್ಲಿ ಊರಿನ ಕಡೆಯ ನೆಂಟರೊಬ್ಬರು ಸಿಕ್ಕಿ, ತಾವು ಅರುಣಾಚಲದಿಂದ ಬಂದೆವು ಅಂದರು. ಆ ಹೆಸರನ್ನು ಅವನು ಕೇಳಿದ್ದ. ಆದರೆ ಅದು ಹೋಗಿಬರಬಹುದಾದ ಊರು ಅಂತ ತಿಳಿದಿರಲಿಲ್ಲ. ಅದೇ ತಿರುವಣ್ಣಾಮಲೈ. ಸ್ವಲ್ಪ ದಿನಕ್ಕೆ ಪೆರಿಯ ಪುರಾಣ ಎಂಬ ತಮಿಳು ಗ್ರಂಥ ಕೈಗೆ ಸಿಕ್ಕಿತು. ಅದರಲ್ಲಿ 63 ಶಿವಭಕ್ತರ ಕಥೆಗಳಿವೆ. ನಮ್ಮ ಕಡೆ ಅರವತ್ತಮೂರು ಪುರಾತನರು ಅನ್ನುತ್ತಾರಲ್ಲ, ಅವರೇ. ನಂಜನಗೂಡಿನ ದೇವಸ್ಥಾನದಲ್ಲಿ ಅವರ ವಿಗ್ರಹಗಳು ಸಾಲಾಗಿ ನಿಂತಿವೆ. ಹೋದ ವರ್ಷ ಪ್ರವಾಸ ಹೋದಾಗ ನಾವೆಲ್ಲಾ ನೋಡಿದ್ದೇವೆ. ಆ ಭಕ್ತರ ಕಥೆ ಓದಿ ಅವನಿಗೆ ತುಂಬಾ ಆಶ್ಚರ್ಯವಾಯಿತು. ಆಮೇಲೆ ಮತ್ತೆ ಆಟ, ಸ್ಕೂಲು ಅಂತ ಇದ್ದುಬಿಟ್ಟ.

1896ರ ಜುಲೈ ತಿಂಗಳು. ಅವನಿಗೆ ಹದಿನಾರೂವರೆ ವರ್ಷ. ಚಿಕ್ಕಪ್ಪನ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಮೈಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಈಗಲೇ ಸಾಯುತ್ತೇನೆ ಅಂತ ಅನ್ನಿಸಿಬಿಟ್ಟಿತು. ಯಾಕೆ ಅಂತ ಅವನಿಗೂ ತಿಳಿಯಲಿಲ್ಲ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಇದು ನನ್ನ ಕಥೆಯೇ ಅಲ್ಲವಾ ಅನ್ನಿಸಿತು. ನಾನಾಗಿದ್ದರೆ ಕಂಬಳಿ ಮುಸುಕು ಹಾಕಿಕೊಳ್ಳುತ್ತಿದ್ದೆ, ಇಲ್ಲವೇ ಅವ್ವನ ಹತ್ತಿರ ಓಡುತ್ತಿದ್ದೆ. ಆ ಹುಡುಗ ಡಾಕ್ಟರನ್ನು ಕರೆಯಲಿಲ್ಲ. ಮನೆಯ ಹಿರಿಯರನ್ನೂ ಕೂಗಲಿಲ್ಲ. ಸಾವು ಬಂದಿದೆ ಅಂದರೆ ಅದು ಏನು ಅಂತ ಈಗಲೇ ನೋಡಿಬಿಡೋಣ ಅಂದುಕೊಂಡ. ನೆಲದ ಮೇಲೆ ಅಂಗಾತ ಮಲಗಿದ. ಕೈಕಾಲು ನೀಟಿ ಹೆಣದ ಹಾಗೆ ಬಿಗಿ ಮಾಡಿದ. ಬಾಯಿ ಮುಚ್ಚಿಕೊಂಡ, ಉಸಿರು ಹಿಡಿದ. ಈಗ ಈ ದೇಹ ಸತ್ತಿದೆ. ಇದನ್ನು ಹೊತ್ತುಕೊಂಡು ಹೋಗಿ ಸುಡುತ್ತಾರೆ, ಬೂದಿಯಾಗುತ್ತದೆ. ಸರಿ, ಅಷ್ಟಾದರೆ ನಾನು ಸತ್ತ ಹಾಗಾಯಿತಾ? ಈ ದೇಹವೇ ನಾನಾ? ಹೀಗೆ ತನ್ನೊಳಗೇ ಕೇಳಿಕೊಂಡ. ದೇಹ ಅಲ್ಲಾಡದೆ ಬಿದ್ದಿದೆ. ಆದರೂ ಒಳಗೆ ನಾನು ಎಂಬುದು ಬೆಳಗುತ್ತಲೇ ಇದೆ. ಅದಕ್ಕೆ ಸಾವಿಲ್ಲ ಅಂತ ಅವನಿಗೆ ಕಂಡಿತು. ಇದು ಪುಸ್ತಕ ಓದಿ ಕಲಿತದ್ದಲ್ಲ, ಯಾರೋ ಹೇಳಿಕೊಟ್ಟದ್ದೂ ಅಲ್ಲ. ನಾವು ಕೈಯಲ್ಲಿರುವ ನೆಲ್ಲಿಕಾಯಿ ನೋಡುವಂತೆ ನೇರವಾಗಿ ನೋಡಿದ. ಇಷ್ಟೆಲ್ಲಾ ಆಗಿದ್ದು ಸುಮಾರು ಅರ್ಧ ಗಂಟೆಯಲ್ಲಿ. ಎದ್ದು ಕೂತಾಗ ಸಾವಿನ ಭಯ ಹೋಗಿತ್ತು. ಆಮೇಲೆ ಬದುಕಿದ್ದ 54 ವರ್ಷವೂ ಅದು ತಿರುಗಿ ಬರಲಿಲ್ಲ.

(ಉಸಿರು ಹಿಡಿಯುವುದನ್ನು ಯಾರೂ ಮಾಡಿ ನೋಡಬೇಡಿ ಅಂತ ಬರೆಯಲು ಮೇಷ್ಟ್ರು ಹೇಳಿದ್ದಾರೆ. ಅಲ್ಲಿ ಮುಖ್ಯವಾದದ್ದು ಉಸಿರಲ್ಲ, ಕೇಳಿಕೊಂಡ ಪ್ರಶ್ನೆ.)

ಭಯ ಹೋದಮೇಲೆ ಅವನು ಎದೆಯುಬ್ಬಿಸಿ ಓಡಾಡಿರಬೇಕು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅವನು ಅಳಲು ಶುರುಮಾಡಿದ! ಮುಂಚೆ ಗೆಳೆಯರ ಜೊತೆ ಯಾವಾಗಲಾದರೂ ಒಮ್ಮೆ ದೇವಸ್ಥಾನಕ್ಕೆ ಹೋಗಿ ವಿಭೂತಿ ಹಚ್ಚಿಕೊಂಡು ಬರುತ್ತಿದ್ದವನು, ಈಗ ಸಾಯಂಕಾಲ ಒಬ್ಬನೇ ಹೋಗುತ್ತಿದ್ದ. ಮೀನಾಕ್ಷಿಯ ಮುಂದೆ, ನಟರಾಜನ ಮುಂದೆ, ಆ 63 ಭಕ್ತರ ವಿಗ್ರಹಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ದುಃಖಕ್ಕೋ ಸಂತೋಷಕ್ಕೋ ಅಂತ ಹೇಳಲಾಗದ ಅಳು. ಅವನು ಅದನ್ನು ತಡೆಯಲೂ ಇಲ್ಲ, ಒರೆಸಿಕೊಂಡು ಬಚ್ಚಿಡಲೂ ಇಲ್ಲ. ಕುಸ್ತಿ ಆಡುವ ಗಟ್ಟಿ ಹುಡುಗ ದೇವಸ್ಥಾನದಲ್ಲಿ ಎಲ್ಲರ ಎದುರಿಗೆ ಅಳುತ್ತಾ ನಿಂತಿದ್ದಾನೆ ಅಂತ ಓದಿದಾಗ ನನಗೆ ಆ ನೆಂಟರ ಮಾತು ನೆನಪಿಗೆ ಬಂತು.

ಇತ್ತ ಮನೆಯಲ್ಲಿ ಬೈಗುಳ ಜಾಸ್ತಿಯಾಯಿತು. ಓದಿನ ಕಡೆ ಗಮನವೇ ಇಲ್ಲ. 1896ರ ಆಗಸ್ಟ್ 29, ಶನಿವಾರ. ಇಂಗ್ಲಿಷ್ ವ್ಯಾಕರಣದ ಪಾಠ ಕಲಿಯದೆ ಇದ್ದದ್ದಕ್ಕೆ ಅದನ್ನು ಮೂರು ಸಲ ಬರೆಯುವ ಶಿಕ್ಷೆ ಸಿಕ್ಕಿತ್ತು. ನಮ್ಮ ಹಾಗೇ! ಎರಡು ಸಲ ಬರೆದ. ಮೂರನೇ ಸಲಕ್ಕೆ ಪುಸ್ತಕ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಕೂತುಬಿಟ್ಟ. ನೋಡುತ್ತಿದ್ದ ಅಣ್ಣ ನಾಗಸ್ವಾಮಿಗೆ ರೇಗಿತು. ಹೀಗೆ ಇರುವವನಿಗೆ ಈ ಮನೆ, ಈ ಓದು ಎಲ್ಲಾ ಯಾಕೆ ಬೇಕು ಅಂತ ಅಂದ. ಅಣ್ಣ ಹೇಳಿದ್ದು ನಿಜ ಅಂತ ತಮ್ಮನಿಗೆ ಅನ್ನಿಸಿತು.

ಸ್ಕೂಲಿನಲ್ಲಿ ವಿಶೇಷ ತರಗತಿ ಇದೆ ಅಂತ ಹೇಳಿ ಎದ್ದ. ಹಾಗಾದರೆ ದಾರಿಯಲ್ಲಿ ನನ್ನ ಕಾಲೇಜಿನ ಫೀಸು ಐದು ರೂಪಾಯಿ ಕಟ್ಟಿಬಿಡು ಅಂತ ಅಣ್ಣನೇ ಹೇಳಿದ. ಚಿಕ್ಕಮ್ಮ ಊಟ ಬಡಿಸಿ ದುಡ್ಡು ಕೊಟ್ಟರು. ಅವನು ಭೂಪಟ ನೋಡಿ ಲೆಕ್ಕ ಹಾಕಿ, ಮೂರು ರೂಪಾಯಿ ಸಾಕು ಅಂತ ತೆಗೆದುಕೊಂಡ. ಒಂದು ಚೀಟಿ ಬರೆದು ಉಳಿದ ಎರಡು ರೂಪಾಯಿ ಅದರ ಜೊತೆ ಇಟ್ಟ. ತಂದೆಯನ್ನು ಹುಡುಕಿಕೊಂಡು ಹೊರಟಿರುವುದಾಗಿಯೂ, ಯಾರೂ ದುಃಖ ಪಡಬಾರದು, ಹುಡುಕಲು ದುಡ್ಡು ಖರ್ಚು ಮಾಡಬಾರದು ಅಂತಲೂ ಬರೆದಿದ್ದ. ಇಲ್ಲಿ ತಂದೆ ಅಂದರೆ ಅರುಣಾಚಲೇಶ್ವರ. ಫೀಸು ಕಟ್ಟಿಲ್ಲ ಅನ್ನುವುದನ್ನೂ ಮರೆಯದೆ ಬರೆದ. ಚೀಟಿಯ ಶುರುವಿನಲ್ಲಿ ನಾನು ಅಂತಿದೆ, ಆಮೇಲೆ ತನ್ನನ್ನೇ ಇದು ಅಂತ ಕರೆದುಕೊಂಡಿದ್ದಾನೆ. ಕೊನೆಗೆ ಸಹಿಯೇ ಇಲ್ಲ.

ರೈಲಿನ ಟಿಕೇಟಿಗೆ ಎರಡು ರೂಪಾಯಿ ಹದಿಮೂರು ಆಣೆ ಆಯಿತು. ತಿರುವಣ್ಣಾಮಲೈಗೆ ವಿಳ್ಳುಪುರಂನಲ್ಲಿ ಇಳಿದು ಹೋಗಬೇಕು ಅಂತ ರೈಲಿನಲ್ಲಿದ್ದ ಒಬ್ಬ ಮೌಲ್ವಿ ತಿಳಿಸಿದರು. ಮುಂದೆ ದುಡ್ಡು ಮುಗಿದು ಮೈಲಿಗಟ್ಟಲೆ ನಡೆದ. ಕಿವಿಯಲ್ಲಿದ್ದ ಚಿನ್ನದ ಒಡವೆಯನ್ನು ಒಬ್ಬರ ಹತ್ತಿರ ನಾಲ್ಕು ರೂಪಾಯಿಗೆ ಅಡವಿಟ್ಟ. 1896ರ ಸೆಪ್ಟೆಂಬರ್ 1ರ ಬೆಳಗ್ಗೆ ತಿರುವಣ್ಣಾಮಲೈ ಸೇರಿ, ನೇರವಾಗಿ ದೇವಸ್ಥಾನದ ಒಳಗೆ ಹೋಗಿ ತಂದೆಯ ಮುಂದೆ ನಿಂತ. ಆ ಊರು ಬಿಟ್ಟು ಮತ್ತೆ ಎಲ್ಲಿಗೂ ಹೋಗಲಿಲ್ಲ.

ಮೊದಲು ಸಾವಿರ ಕಂಬದ ಮಂಟಪದಲ್ಲಿ ಮೌನವಾಗಿ ಕೂತ. ತುಂಟ ಹುಡುಗರು ಕಲ್ಲು ಹೊಡೆದರು. ಆಗ ನೆಲಮಾಳಿಗೆಯಲ್ಲಿರುವ ಪಾತಾಳಲಿಂಗದ ಗುಡಿಗೆ ಇಳಿದ. ಅಲ್ಲಿ ಬೆಳಕಿಲ್ಲ. ಇರುವೆ ಹುಳುಗಳು ತೊಡೆ ಕಚ್ಚಿ ಗಾಯವಾದರೂ ಅವನಿಗೆ ಗೊತ್ತಾಗಲಿಲ್ಲ. ಕಂಡವರು ಎತ್ತಿ ಹೊರಗೆ ತಂದರು.

ಇಷ್ಟನ್ನು ಬರೆದು ನಮ್ಮ ಅಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಓದು ಬರುವುದಿಲ್ಲ. ಎಲ್ಲಾ ಕೇಳಿ, ಹಂಗಾದ್ರೆ ಆ ತಾಯಿ ಗತಿ ಏನಾಯ್ತೋ ಮಗ ಅಂತ ಕೇಳಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡ ಸತ್ತ ಹೆಂಗಸು, ಮಗನೂ ಹೇಳದೆ ಹೋದರೆ ಹೇಗೆ ತಡೆದುಕೊಂಡಾಳು? ನಾನು ಮೇಷ್ಟ್ರ ಹತ್ತಿರ ಹೋಗಿ, ಮನೆ ಬಿಟ್ಟು ಹೋದದ್ದು ಸರಿಯಾ ಸಾರ್ ಅಂತ ಕೇಳಿಬಿಟ್ಟೆ. ಅವನು ಭಯಕ್ಕೆ ಓಡಿ ಹೋಗಿದ್ದಲ್ಲ, ಭಯ ಹೋದಮೇಲೆ ಹೋದದ್ದು ಅಂತ ಮೇಷ್ಟ್ರು ಹೇಳಿದರು. ಹೆದರಿಕೊಂಡು ಓಡಿದರೆ ಹೆದರಿಕೆಯೂ ನಮ್ಮ ಜೊತೆ ಅದೇ ಬಸ್ಸು ಹತ್ತುತ್ತದೆ ಅಂದರು. ಆಮೇಲೆ, ತಾಯಿಯ ವಿಷಯ ಪುಸ್ತಕದಲ್ಲಿ ಮುಂದೆ ಇದೆ, ಪೂರ್ತಿ ಓದು ಅಂದರು. ಅದನ್ನು ಅಜ್ಜಿಗೋಸ್ಕರ ಓದಿದೆ. ಈಗ ನಿಮಗೂ ಹೇಳುತ್ತೇನೆ.

1898ರ ಕೊನೆಯಲ್ಲಿ ತಾಯಿ ಅಳಗಮ್ಮಾಳ್ ದೊಡ್ಡ ಮಗನ ಜೊತೆ ತಿರುವಣ್ಣಾಮಲೈಗೆ ಬಂದರು. ಜಡೆಗಟ್ಟಿದ ಕೂದಲು, ಕೊಳೆಯಾದ ಮೈ. ಆದರೂ ತಾಯಿ ಮಗನನ್ನು ಗುರುತು ಹಿಡಿದರು. ದಿನಾ ಬಂದು, ತಿಂಡಿ ತಂದು, ಮನೆಗೆ ಬಾ ಅಂತ ಬೇಡಿದರು. ಮಗ ಮಾತಾಡಲಿಲ್ಲ. ಒಂದು ದಿನ ತಾಯಿ ಜೋರಾಗಿ ಅತ್ತುಬಿಟ್ಟರು. ಅಲ್ಲಿದ್ದವರೊಬ್ಬರು ಮರುಗಿ, ಬರೆದಾದರೂ ತಿಳಿಸಿ ಅಂತ ಕಾಗದ ಪೆನ್ಸಿಲು ಕೊಟ್ಟರು. ಪ್ರಾರಬ್ಧದಂತೆ ಆಗಬೇಕಾದದ್ದು ಆಗಿಯೇ ತೀರುತ್ತದೆ, ಸುಮ್ಮನಿರುವುದೇ ಒಳ್ಳೆಯದು ಎಂಬ ಅರ್ಥ ಬರುವಂತೆ ಮಗ ಬರೆದುಕೊಟ್ಟರು. ತಾಯಿ ಬರಿಗೈಯಲ್ಲಿ ಊರಿಗೆ ಹೋದರು. ಈ ಜಾಗ ಓದಿದಾಗ ನನಗೆ ಮಹರ್ಷಿಗಳ ಮೇಲೆ ಸ್ವಲ್ಪ ಸಿಟ್ಟೇ ಬಂತು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಿತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಅವರು ಬೆಟ್ಟದ ಮೇಲಿನ ವಿರೂಪಾಕ್ಷ ಗುಹೆಯಲ್ಲಿ 1916ರವರೆಗೆ ಇದ್ದರು. ಜನ ಪ್ರಶ್ನೆ ಕೇಳಲು ಬರುತ್ತಿದ್ದರು. ಯಾವ ಚಿಂತೆ ಬಂದರೂ, ಯಾವ ಭಯ ಬಂದರೂ ಇದು ಯಾರಿಗೆ ಬಂತು, ಆ ನಾನು ಯಾರು ಅಂತ ಒಳಗೆ ಹುಡುಕಿ ನೋಡಿ ಎಂಬುದೇ ಅವರು ತೋರಿಸಿದ ದಾರಿ. 1907ರಲ್ಲಿ ಸಂಸ್ಕೃತ ಪಂಡಿತರಾದ ಗಣಪತಿ ಮುನಿಗಳು ಬಂದು, ಇವರನ್ನು ಭಗವಾನ್ ರಮಣ ಮಹರ್ಷಿ ಅಂತ ಕರೆದರು. ಆ ಹೆಸರೇ ಉಳಿಯಿತು.

1914ರಲ್ಲಿ ಮಗನನ್ನು ನೋಡಲು ಬಂದ ತಾಯಿಗೆ ವಿಷಮಶೀತ ಜ್ವರ ಬಂತು. ಆಗ ಮಹರ್ಷಿಗಳು ಪಕ್ಕದಲ್ಲೇ ಇದ್ದು ಆರೈಕೆ ಮಾಡಿದರು. ತಾಯಿಯ ಜ್ವರ ಇಳಿಸು ಅಂತ ಅರುಣಾಚಲನನ್ನು ಬೇಡಿ ಪದ್ಯ ಕಟ್ಟಿದರು. ತಾಯಿಗೆ ವಾಸಿಯಾಯಿತು. ನೋಡಿದಿರಾ, ಹಿಂದೆ ಸುಮ್ಮನಿರುವುದೇ ಒಳ್ಳೆಯದು ಅಂತ ಬರೆದುಕೊಟ್ಟವರು ಈಗ ತಾಯಿಗೋಸ್ಕರ ಬಾಯಿಬಿಟ್ಟು ಬೇಡಿದರು! ಸುಮಾರು ಅದೇ ಕಾಲದಲ್ಲಿ, ಭಿಕ್ಷೆಗೆ ಹೋಗುವ ಸಾಧುಗಳು ಹಾಡಿಕೊಳ್ಳಲು ಅಂತ 108 ಪದ್ಯಗಳ ಅಕ್ಷರಮಣಮಾಲೆ ಬರೆದರು. ಅದರಲ್ಲಿ ಪ್ರೀತಿ, ಕೋಪ, ಬೇಡಿಕೆ ಎಲ್ಲಾ ಇದೆಯಂತೆ. ಮದುವಣಗಿತ್ತಿ ಗಂಡನನ್ನು ಕರೆಯುವ ಹಾಗೆ ದೇವರನ್ನು ಕರೆದಿದ್ದಾರೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡ ಅಂತ ಕರೆದದ್ದು ನಮ್ಮ ಪಾಠದಲ್ಲಿ ಬಂದಿದೆ.

1916ರಲ್ಲಿ ತಾಯಿ ಮಗನ ಹತ್ತಿರವೇ ಇರಲು ಬಂದುಬಿಟ್ಟರು. ಎಲ್ಲರಿಗೂ ಅಡಿಗೆ ಮಾಡಿ ಹಾಕಿದರು. ಆರು ವರ್ಷ ಜೊತೆಗಿದ್ದರು. 1922ರ ಮೇ 19ರಂದು ತಾಯಿಯ ಕೊನೆಗಾಲ ಬಂತು. ಮಹರ್ಷಿಗಳು ಅವತ್ತು ಹಗಲೆಲ್ಲಾ ಪಕ್ಕ ಬಿಟ್ಟು ಏಳಲಿಲ್ಲ. ಒಂದು ಕೈ ತಾಯಿಯ ಎದೆಯ ಮೇಲೆ, ಇನ್ನೊಂದು ಕೈ ತಲೆಯ ಮೇಲೆ ಇಟ್ಟುಕೊಂಡು ರಾತ್ರಿ ಎಂಟರ ತನಕ, ತಾಯಿಯ ಉಸಿರು ನಿಲ್ಲುವ ತನಕ ಕೂತಿದ್ದರು. ಬೆಟ್ಟದ ಬುಡದಲ್ಲಿ ತಾಯಿಯ ಸಮಾಧಿ ಮಾಡಿದರು. ಕೆಲವು ತಿಂಗಳಿಗೆ ತಾವೂ ಬೆಟ್ಟ ಇಳಿದು ಅಲ್ಲಿಗೇ ಬಂದುಬಿಟ್ಟರು. ಈಗಿನ ಶ್ರೀ ರಮಣಾಶ್ರಮ ಬೆಳೆದದ್ದು ಆ ತಾಯಿಯ ಸಮಾಧಿಯ ಸುತ್ತಲೇ. ಇದನ್ನು ಕೇಳಿ ಅಜ್ಜಿ, ಸದ್ಯ, ತಾಯಿ ಮಗ ಸೇರಿದರಲ್ಲ ಅಂತ ನಿಟ್ಟುಸಿರು ಬಿಟ್ಟಿತು.

ಅವರ ಧೈರ್ಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1924ರ ಜೂನ್ 26ರ ರಾತ್ರಿ ಆಶ್ರಮಕ್ಕೆ ಕಳ್ಳರು ನುಗ್ಗಿದರು. ಮಹರ್ಷಿಗಳ ತೊಡೆಗೂ ದೊಣ್ಣೆಯಿಂದ ಹೊಡೆದರು. ಶಿಷ್ಯರೊಬ್ಬರು ಸಿಟ್ಟಾಗಿ ತಿರುಗಿ ಹೊಡೆಯಲು ಹೊರಟಾಗ ಮಹರ್ಷಿಗಳು ತಡೆದರು. ಹೊಡೆಯುವುದು ಕಳ್ಳರ ಕೆಲಸ ಇರಬಹುದು, ಸಾಧುಗಳ ಕೆಲಸವಲ್ಲ ಎಂಬುದು ಅವರ ಭಾವನೆ. ಏನು ಬೇಕೋ ತೆಗೆದುಕೊಳ್ಳಲಿ ಅಂತ ಬಿಟ್ಟರು.

ಇಷ್ಟು ಗಟ್ಟಿಯಾದವರು ಪೆರಿಯ ಪುರಾಣದ ಕಥೆ ಓದಿ ಹೇಳುವಾಗ ಭಕ್ತರ ಕಷ್ಟದ ಜಾಗ ಬಂದರೆ ಗಂಟಲು ಕಟ್ಟಿ, ಕಣ್ಣಲ್ಲಿ ನೀರು ಬಂದು, ಮುಂದೆ ಓದಲಾರದೆ ನಿಲ್ಲಿಸುತ್ತಿದ್ದರು. ಹುಡುಗನಾಗಿದ್ದಾಗ ಓದಿದ ಅದೇ ಪುಸ್ತಕ! ಇದೇ ನನಗೆ ಬಹಳ ಹಿಡಿಸಿದ ಸಂಗತಿ. ಅವರಿಗೆ ಭಯ ಹೋಗಿತ್ತು, ಅಳು ಹೋಗಿರಲಿಲ್ಲ. ನಾನು ಅಳುವುದನ್ನೂ ಹೆದರುವುದನ್ನೂ ಒಂದೇ ಅಂದುಕೊಂಡಿದ್ದೆ. ಅದಕ್ಕೇ ಅಳು ನುಂಗಿದರೆ ಧೈರ್ಯ ಬರುತ್ತದೆ ಅಂತ ಕಾಯುತ್ತಿದ್ದೆ. ನನಗೆ ಬಂದದ್ದು ಇನ್ನೂ ಜಾಸ್ತಿ ಹೆದರಿಕೆ.

ಅವತ್ತು ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿದ್ದೆ. ದೀಪ ಆರಿಸಿದ ಮೇಲೆ ಎಂದಿನಂತೆ ಎದೆ ಹೊಡೆದುಕೊಂಡಿತು. ಮುಸುಕು ಎಳೆದುಕೊಳ್ಳಲಿಲ್ಲ. ಹೆದರುತ್ತಿರುವುದು ಯಾರು, ಎಲ್ಲಿ ಹೆದರಿಕೆ ಆಗುತ್ತಿದೆ ಅಂತ ನೋಡಿದೆ. ನನಗೆ ಮಹರ್ಷಿಗಳಿಗೆ ಕಂಡದ್ದೇನೂ ಕಾಣಲಿಲ್ಲ. ಹೆದರಿಕೆಯ ಕೆಳಗೆ ತಾತ ಇದ್ದರು. ತಣ್ಣಗಿನ ಆ ಕೈ ಇತ್ತು. ಅಜ್ಜೀ, ತಾತನ ಕೈ ನಾನೇ ಮೊದಲು ಮುಟ್ಟಿದ್ದು ಅಂದೆ. ಅಷ್ಟೇ, ಅಳು ತಡೆಯಲಾಗಲಿಲ್ಲ. ಅಜ್ಜಿಯೂ ಅತ್ತಿತು. ಅವ್ವ ಎದ್ದು ಬಂದು ಇಬ್ಬರ ತಲೆ ಸವರುತ್ತಾ ಕೂತಳು. ಯಾರೂ ಬೈಯಲಿಲ್ಲ. ಎಷ್ಟೋ ದಿನದ ಮೇಲೆ ಬೆಳಗಿನ ತನಕ ನಿದ್ದೆ ಮಾಡಿದೆ.

ಮಹರ್ಷಿಗಳ ಕೊನೆಗಾಲ ಹೇಳಿ ಮುಗಿಸುತ್ತೇನೆ. 1949ರ ಮೊದಲಲ್ಲಿ ಅವರ ಎಡ ಮೊಣಕೈ ಕೆಳಗೆ ಒಂದು ಸಣ್ಣ ಗಂಟು ಕಾಣಿಸಿತು. ಅದು ಕ್ಯಾನ್ಸರ್. ನಾಲ್ಕು ಸಲ ಆಪರೇಷನ್ ಮಾಡಿದರೂ ಮತ್ತೆ ಮತ್ತೆ ಬೆಳೆಯಿತು. ನೋವು ಬಹಳ ಇತ್ತು. ಆದರೆ ಅವರು ಹೆದರಲಿಲ್ಲ. ಹೆದರಿ ಅಳುತ್ತಿದ್ದ ಭಕ್ತರಿಗೆ ಅವರೇ ಸಮಾಧಾನ ಹೇಳಿದರು. ದರ್ಶನಕ್ಕೆ ಬಂದವರನ್ನು ಕೊನೇ ದಿನದವರೆಗೂ ತಡೆಯಲು ಬಿಡಲಿಲ್ಲ. 1950ರ ಏಪ್ರಿಲ್ 14, ಶುಕ್ರವಾರ ರಾತ್ರಿ. ಕೋಣೆಯ ಹೊರಗೆ ಭಕ್ತರು ಆ ಅಕ್ಷರಮಣಮಾಲೆಯನ್ನೇ ಹಾಡಲು ಶುರುಮಾಡಿದರು. ಅದು ಕಿವಿಗೆ ಬಿದ್ದು ಮಹರ್ಷಿಗಳು ಕಣ್ಣು ತೆರೆದು ನಕ್ಕರು. ಕಣ್ಣಿನ ಅಂಚಿನಿಂದ ನೀರು ಇಳಿಯಿತು. 8 ಗಂಟೆ 47 ನಿಮಿಷಕ್ಕೆ ಉಸಿರು ಶಾಂತವಾಗಿ ನಿಂತಿತು. ಅವರಿಗೆ 70 ವರ್ಷವಾಗಿತ್ತು. ತಾಯಿಯ ಸಮಾಧಿಯ ಹತ್ತಿರವೇ ಅವರ ಸಮಾಧಿಯೂ ಇದೆ.

ಗೆಳೆಯರೇ, ನನಗೆ ಹೆದರಿಕೆ ಪೂರ್ತಿ ಹೋಗಿದೆ ಅಂತ ಸುಳ್ಳು ಬರೆಯುವುದಿಲ್ಲ. ಕೆಲವು ರಾತ್ರಿ ಈಗಲೂ ಬರುತ್ತದೆ. ಬಂದರೆ ಎದ್ದು ಕೂತು, ಯಾರಿಗೆ ಬಂತು ಅಂತ ಕೇಳುತ್ತೇನೆ. ಆಗದಿದ್ದರೆ ಅಜ್ಜಿಯನ್ನು ಎಬ್ಬಿಸುತ್ತೇನೆ. ಯುಗಾದಿ ಮುಗಿದ ಮಾರನೇ ದಿನ ಅಜ್ಜಿ ಜೊತೆ ಹುಣಸೆ ತೋಪಿಗೆ ಹೋಗಿ ತಾತನಿಗೆ ಒಬ್ಬಟ್ಟು ಇಟ್ಟು ಬಂದೆ. ನಿಮ್ಮಲ್ಲಿ ಯಾರಿಗಾದರೂ ಪರೀಕ್ಷೆಯ ಭಯವೋ, ಕತ್ತಲೆಯ ಭಯವೋ, ಮನೆಯಲ್ಲಿ ಹೇಳಲಾಗದ ಇನ್ಯಾವುದೋ ಭಯವೋ ಇದ್ದರೆ ಊಟದ ಬಿಡುವಿನಲ್ಲಿ ಬೇವಿನ ಮರದ ಕಟ್ಟೆಗೆ ಬನ್ನಿ. ನಾನು ರೇಗಿಸುವುದಿಲ್ಲ. ಕನ್ನಡ ಮೇಷ್ಟ್ರೂ ರೇಗಿಸುವುದಿಲ್ಲ, ನನಗೆ ಗೊತ್ತು.

ಪುಸ್ತಕವನ್ನು ಬೀರುವಿಗೆ ವಾಪಸ್ಸು ಇಟ್ಟಿದ್ದೇನೆ. ರಟ್ಟಿಗೆ ಹೊಸ ಕಾಗದ ಅಂಟಿಸಿದ್ದೇನೆ, ಬೇಕಾದವರು ತೆಗೆದುಕೊಂಡು ಓದಬಹುದು. ಮೂರನೇ ಹಾಳೆಯಲ್ಲಿ ಶಾಯಿ ಹರಡಿದೆ, ಕ್ಷಮಿಸಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ ನಿಮ್ಮ ಗೆಳೆಯ,
9ನೇ ತರಗತಿ